ಅರ್ಜಿ ಹಾಕೋದು ಸುಲಭವಾಯಿತು, ಉತ್ತರ ಕೊಡೋದು ಯಾರು?

2024ರ ಫೆಬ್ರವರಿ 8ರಂದು ವಿಧಾನಸೌಧದ ಆವರಣದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಜನಸ್ಪಂದನ ಕಾರ್ಯಕ್ರಮ ನಡೆಯಿತು. ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಜನ ಬಂದರು. ಮನೆ ಬೇಕು, ಪಿಂಚಣಿ ಬರುತ್ತಿಲ್ಲ, ಜಮೀನಿನ ತಕರಾರು ಬಗೆಹರಿದಿಲ್ಲ, ಏನಾದರೂ ಕೆಲಸ ಕೊಡಿಸಿ. ಇಂಥವೇ ಅಹವಾಲುಗಳು. ದೂರದ ಊರುಗಳಿಂದ ಬಂದು, ಸಾಲಲ್ಲಿ ನಿಂತು, ಒಂದು ಹಾಳೆಯನ್ನು ಕೈಯಾರೆ ಕೊಟ್ಟು ಹೋದರು.

ಇದೇ ರಾಜ್ಯದಲ್ಲಿ ಸಕಾಲ ಇದೆ, ಸೇವಾಸಿಂಧು ಇದೆ, ಊರೂರಿಗೆ ಗ್ರಾಮ ಒನ್ ಇದೆ. ದೂರು ಹೇಳಲೆಂದೇ 1902 ಸಹಾಯವಾಣಿ ಇದೆ. ಆನ್‌ಲೈನ್ ಆಡಳಿತದ ಮಾತು ಬಂದರೆ ದೇಶವೇ ಕರ್ನಾಟಕದ ಕಡೆ ಬೆರಳು ತೋರಿಸುತ್ತದೆ. ಹಾಗಿದ್ದೂ ಇಷ್ಟು ಜನ ಕಾಗದ ಹಿಡಿದು ಯಾಕೆ ಬಂದರು? 'ಹಳ್ಳಿ ಜನರಿಗೆ ಆನ್‌ಲೈನ್ ಬರಲ್ಲ' ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರೂ ಇವತ್ತು ಕ್ಯೂಆರ್ ಕೋಡ್ ಇಟ್ಟುಕೊಂಡಿದ್ದಾರೆ. ಅರ್ಜಿ ಹಾಕುವ ದಾರಿ ಸಿಗದೆ ಅವರು ಬೆಂಗಳೂರಿಗೆ ಬಂದಿರಲಿಲ್ಲ. ಅರ್ಜಿ ಹಾಕಿ ಹಾಕಿ ಉತ್ತರ ಸಿಗದೆ ಬಂದಿದ್ದರು.

ಇಂಟರ್‌ನೆಟ್ ಬಂದ ಮೇಲೆ ಸರ್ಕಾರದ ಬಾಗಿಲು ತಟ್ಟುವುದು ನಿಜಕ್ಕೂ ಸುಲಭವಾಗಿದೆ. ಬಾಗಿಲು ತೆಗೆದು ಮಾತಾಡುವ ಹೊಣೆ ಯಾರದು ಅನ್ನುವುದನ್ನು ಮಾತ್ರ ಇಂಟರ್‌ನೆಟ್ ತೀರ್ಮಾನಿಸುವುದಿಲ್ಲ. ಅದನ್ನು ಕಾನೂನು ತೀರ್ಮಾನಿಸಬೇಕು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಮ್ಮಲ್ಲಿ ಏನು ಗೆದ್ದಿತು, ಏನು ಸೋತಿತು ಅಂತ ನೋಡಿದರೆ ಇದು ಗೊತ್ತಾಗುತ್ತದೆ.

ಗೆದ್ದದ್ದರಿಂದಲೇ ಶುರು ಮಾಡೋಣ. 'ಭೂಮಿ' ಯೋಜನೆ ಬರುವ ಮುಂಚೆ ಪಹಣಿ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಇರುತ್ತಿತ್ತು. ಅವರು ಸಿಗಬೇಕು, ಪುಸ್ತಕ ತೆಗೆಯಬೇಕು, ಕೈಯಲ್ಲಿ ಬರೆದು ಕೊಡಬೇಕು. ಅದಕ್ಕೊಂದು 'ಕಾಫಿ ಖರ್ಚು' ಬೇರೆ. 2000ದ ಆಸುಪಾಸಿನಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುವ ಹಾಗಾಯಿತು. ಕಂಪ್ಯೂಟರ್ ಬಂತು, ಲಂಚ ಹೋಯಿತು ಅಂತ ಆಗ ಎಲ್ಲರೂ ಬರೆದರು. ಆದರೆ ಕೆಲಸ ಮಾಡಿದ್ದು ಕಂಪ್ಯೂಟರ್ ಒಂದೇ ಅಲ್ಲ, ಅದರ ಜೊತೆ ಬಂದ ಎರಡು ನಿಯಮಗಳು. ಒಂದು, ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ. ಎರಡು, ಮ್ಯುಟೇಶನ್ ಅರ್ಜಿ (ಪಹಣಿಯಲ್ಲಿ ಮಾಲೀಕರ ಹೆಸರು ಬದಲಿಸುವ ಅರ್ಜಿ) ಯಾವ ಸರದಿಯಲ್ಲಿ ಬಂತೋ ಅದೇ ಸರದಿಯಲ್ಲಿ ಮುಗಿಯಬೇಕು. ಬೇಕಾದವರ ಫೈಲ್ ಮೇಲೆ, ಬಡವನ ಫೈಲ್ ಕೆಳಗೆ ಅನ್ನುವಂತಿಲ್ಲ. ಈ ಎರಡು ನಿಯಮ ಇಲ್ಲದೆ ಹೋಗಿದ್ದರೆ ಹಳೇ ಪುಸ್ತಕ, ಹೊಸ ಕಂಪ್ಯೂಟರ್ ಎರಡೂ ಇರುತ್ತಿದ್ದವು. ಎರಡು ಕಡೆಯೂ ಕಾಫಿ ಖರ್ಚು ಬೀಳುತ್ತಿತ್ತು.

ಜಾತಿ, ಆದಾಯ ಪ್ರಮಾಣಪತ್ರದ ಕಥೆಯೂ ಚೆನ್ನಾಗಿದೆ. ನಾಡಕಚೇರಿಯಿಂದ ಬರುವ ಪತ್ರದ ಮೇಲೆ ಆರ್‌ಡಿ ನಂಬರ್ ಇರುತ್ತದೆ. ಮಕ್ಕಳು ಸಿಇಟಿ ಅರ್ಜಿ ತುಂಬುವಾಗ, ವಿದ್ಯಾರ್ಥಿವೇತನಕ್ಕೆ ಹಾಕುವಾಗ ಆ ನಂಬರ್ ಕೊಟ್ಟರೆ ವಿವರವನ್ನು ಅಲ್ಲಿಯೇ ಆನ್‌ಲೈನ್‌ನಲ್ಲಿ ನೋಡಿಕೊಳ್ಳುತ್ತಾರೆ. ಗೆಜೆಟೆಡ್ ಅಧಿಕಾರಿ ಮನೆ ಹುಡುಕಿಕೊಂಡು ಹೋಗಿ ಸಹಿ ಹಾಕಿಸಿಕೊಳ್ಳುತ್ತಿದ್ದ ದಿನಗಳನ್ನು ಕಂಡವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಗೊತ್ತು.

ಆಮೇಲೆ ಬಂದದ್ದು ಸಕಾಲ. 2011ರ ಕಾಯ್ದೆ. 2012ರ ಏಪ್ರಿಲ್‌ನಲ್ಲಿ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿ ಆಗಿದ್ದಾಗ ಇಡೀ ರಾಜ್ಯದಲ್ಲಿ ಜಾರಿಯಾಯಿತು. ಶುರುವಿಗೆ 11 ಇಲಾಖೆಗಳ 151 ಸೇವೆ. ನನ್ನ ಪ್ರಕಾರ ಕರ್ನಾಟಕ ಮಾಡಿದ ಅತಿ ದಿಟ್ಟ ಆಡಳಿತ ಸುಧಾರಣೆ ಇದು. ಇದರ ಬಲ ವೆಬ್‌ಸೈಟಿನಲ್ಲಿ ಇಲ್ಲ. ಯಾವ ಸೇವೆ ಎಷ್ಟು ದಿನದಲ್ಲಿ ಆಗಬೇಕು, ಯಾವ ಅಧಿಕಾರಿ ಮಾಡಬೇಕು, ಆಗದಿದ್ದರೆ ಯಾರ ಹತ್ತಿರ ಮೇಲ್ಮನವಿ ಹೋಗಬೇಕು ಅಂತ ಕಾನೂನೇ ಹೇಳುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದು ಆ ಅಧಿಕಾರಿಯ ಸಂಬಳದಿಂದಲೇ ಹೋಗಬೇಕು. ಮೊತ್ತ ಸಣ್ಣದು, ನಿಜ. ಆದರೆ ಮೊದಲ ಸಲ ಒಂದು ಕುರ್ಚಿಗೆ ಒಂದು ತಾರೀಖು ಅಂಟಿಕೊಂಡಿತು.

ಸಕಾಲದಲ್ಲೂ ತೂತುಗಳಿವೆ. ಗಡುವು ಮುಗಿಯುವ ಹೊತ್ತಿಗೆ 'ದಾಖಲೆ ಸರಿಯಿಲ್ಲ' ಎಂದು ಅರ್ಜಿ ತಿರಸ್ಕರಿಸಿದರೆ ಲೆಕ್ಕದಲ್ಲಿ ಕೆಲಸ ಮುಗಿದ ಹಾಗೆ. ಪರಿಹಾರದ ಹಣ ಕೇಳುವ ಧೈರ್ಯ ಎಷ್ಟು ಜನಕ್ಕಿದೆ? ನಾಳೆಯೂ ಅದೇ ಕಚೇರಿಗೆ ಹೋಗಬೇಕಲ್ವಾ? ಇಷ್ಟಾದರೂ, ಏನೂ ಇಲ್ಲದ್ದಕ್ಕಿಂತ ಇದು ಎಷ್ಟೋ ವಾಸಿ. ಯಾಕೆ ಅಂದರೆ, ಏನೂ ಇಲ್ಲದಿದ್ದರೆ ಹೇಗಿರುತ್ತದೆ ಅಂತ ದೂರು ಕೊಡುವ ಆ್ಯಪ್‌ಗಳಲ್ಲಿ ನೋಡುತ್ತಲೇ ಇದ್ದೇವೆ.

ನಮ್ಮ ಬೀದಿಯಲ್ಲಿ ಚರಂಡಿ ಮೇಲಿನ ಚಪ್ಪಡಿ ಒಡೆದಿತ್ತು. ಪಕ್ಕದಲ್ಲೇ ಅಂಗನವಾಡಿ. ಸ್ಥಳೀಯ ಸಂಸ್ಥೆಯ ಆ್ಯಪ್‌ನಲ್ಲಿ ಫೋಟೊ, ಲೊಕೇಶನ್ ಸಮೇತ ದೂರು ಹಾಕಿದೆ. ತಕ್ಷಣ ದೂರಿನ ನಂಬರ್ ಬಂತು. ಖುಷಿಯಾಯಿತು. ಸ್ವಲ್ಪ ದಿನದಲ್ಲಿ ಇನ್ನೊಂದು ಮೆಸೇಜ್: 'ಸಂಬಂಧಪಟ್ಟ ಅಧಿಕಾರಿಗಳ ಗಮನಕ್ಕೆ ತರಲಾಗಿದೆ. ದೂರು ವಿಲೇವಾರಿಯಾಗಿದೆ.' ಚಪ್ಪಡಿ ಹಾಗೇ ಇತ್ತು. ಮತ್ತೆ ಹಾಕಿದೆ, ಮತ್ತೆ ವಿಲೇವಾರಿ. ಕೊನೆಗೆ ಬೀದಿಯ ಹೆಂಗಸರು ಒಟ್ಟಾಗಿ ಕಚೇರಿಗೇ ಹೋಗಿ ಇಂಜಿನಿಯರ್ ಮುಂದೆ ನಿಂತರು. 'ಸಾರ್, ಮಗು ಬಿದ್ದರೆ ನೀವು ಬರ್ತೀರಾ?' ಅಂತ ಒಬ್ಬರು ಕೇಳಿದರು. ಅದೇ ವಾರ ಹೊಸ ಚಪ್ಪಡಿ ಬಂತು.

ಇಲ್ಲಿ ಗಮನಿಸಬೇಕಾದದ್ದು ದೂರನ್ನು ಮುಚ್ಚುವ ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದು. ದೂರು ಯಾರ ಮೇಲಿದೆಯೋ ಅದೇ ಕಚೇರಿ 'ಮುಗಿಯಿತು' ಎನ್ನುವ ಗುಂಡಿ ಒತ್ತುತ್ತದೆ. ಮೇಲಿನ ಅಧಿಕಾರಿಗೆ ಪರದೆಯ ಮೇಲೆ ಎಷ್ಟು ದೂರು ಬಂತು, ಎಷ್ಟು ಮುಗಿಯಿತು ಎಂಬ ಅಂಕಿ ಕಾಣುತ್ತದೆ, ಚಪ್ಪಡಿ ಕಾಣುವುದಿಲ್ಲ. ಬಾಕಿ ಜಾಸ್ತಿ ಇದ್ದರೆ ಸಭೆಯಲ್ಲಿ ಬೈಸಿಕೊಳ್ಳಬೇಕು. ಹಾಗಾಗಿ ಕೆಳಗಿನವರು ಬಾಕಿಯನ್ನು ಕಡಿಮೆ ಮಾಡುತ್ತಾರೆ, ಸಮಸ್ಯೆಯನ್ನಲ್ಲ. ಇದಕ್ಕೆ ಒಬ್ಬ ನೌಕರನ ಸೋಮಾರಿತನವನ್ನೇ ದೂರುವುದು ತಪ್ಪು. ವ್ಯವಸ್ಥೆ ಕಟ್ಟಿರುವುದೇ ಹಾಗೆ.

2021ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಎಲ್ಲ ಇಲಾಖೆಗಳ ದೂರನ್ನು ಒಂದೇ ಕಡೆ ತರುವ ವ್ಯವಸ್ಥೆ ಶುರು ಮಾಡಿತು. 1902ಕ್ಕೆ ಕರೆ ಮಾಡಿದರೂ ಸರಿ, ಆನ್‌ಲೈನ್‌ನಲ್ಲಿ ಬರೆದರೂ ಸರಿ. ಯಾವ ಇಲಾಖೆ ಅಂತ ಗೊತ್ತಿಲ್ಲದವರಿಗೆ ಇದು ನಿಜವಾದ ಉಪಕಾರ. ಆದರೆ ಸಕಾಲಕ್ಕೆ ಇರುವಂಥ ಕಾನೂನಿನ ಬೆನ್ನೆಲುಬು ಇದಕ್ಕಿಲ್ಲ. ಕೇಂದ್ರ ಸರ್ಕಾರದ ದೂರಿನ ಜಾಲತಾಣ ಸಿಪಿಗ್ರಾಮ್ಸ್ ಕೂಡ ಹಾಗೇ. 2024ರಲ್ಲಿ ಅಲ್ಲಿ ದೂರು ಮುಗಿಸುವ ಗಡುವನ್ನು 30 ದಿನದಿಂದ 21 ದಿನಕ್ಕೆ ಇಳಿಸಿದರು. ಒಳ್ಳೆಯದೇ. ಗಡುವು ಮೀರಿದರೆ ಏನು ಅನ್ನುವುದಕ್ಕೆ ಮಾತ್ರ ಉತ್ತರ ಇಲ್ಲ.

ಆನ್‌ಲೈನ್ ಬಂದರೆ ಏಜೆಂಟರು ಹೋಗುತ್ತಾರೆ ಅಂದುಕೊಂಡಿದ್ದೆವು. ಅವರು ಹೋಗಲಿಲ್ಲ, ಜಾಗ ಬದಲಿಸಿದರು. ತಾಲ್ಲೂಕು ಕಚೇರಿಯ ಗೇಟಿನ ಹತ್ತಿರ ಇದ್ದ ಕೆಲಸ ಈಗ ಸೈಬರ್ ಸೆಂಟರಿನ ಒಳಗೆ ನಡೆಯುತ್ತದೆ. ಅರ್ಜಿ ತುಂಬಿಕೊಟ್ಟು ನ್ಯಾಯವಾದ ಕೂಲಿ ತೆಗೆದುಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ. ಅವರಿಲ್ಲದಿದ್ದರೆ ಎಷ್ಟೋ ಮನೆಗೆ ಸೌಲಭ್ಯವೇ ತಲುಪುತ್ತಿರಲಿಲ್ಲ. ತೊಂದರೆ ಬೇರೆ ಕಡೆ ಇದೆ. ಅರ್ಜಿದಾರರ ಮೊಬೈಲ್ ಕೈಯಲ್ಲಿ ಇಲ್ಲದಿದ್ದಾಗ ಸೆಂಟರಿನವರು ತಮ್ಮದೇ ನಂಬರ್ ಹಾಕಿಬಿಡುವುದುಂಟು. ಒಟಿಪಿ ಅಲ್ಲಿಗೆ ಹೋಗುತ್ತದೆ. 'ಇನ್ನೊಂದು ದಾಖಲೆ ಕೊಡಿ' ಎಂಬ ಮೆಸೇಜೂ ಅಲ್ಲಿಗೇ ಹೋಗುತ್ತದೆ. ಇಲಾಖೆಯ ದಾಖಲೆಯಲ್ಲಿ 'ಅರ್ಜಿದಾರರಿಗೆ ತಿಳಿಸಲಾಗಿದೆ'. ಅರ್ಜಿ ಹಾಕಿದ ಅಜ್ಜಿಗೆ ಏನೂ ಗೊತ್ತಿಲ್ಲ.

ಮೇಜಿನ ಆ ಕಡೆ ಕೂತವರ ಸ್ಥಿತಿಯನ್ನೂ ಹೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಮಾಡಿದರು. ಒಂದರ ಮೇಲೊಂದು ಮೊಬೈಲ್ ಆ್ಯಪ್ ಹೇರುತ್ತಿದ್ದೀರಿ, ಅದಕ್ಕೆ ಬೇಕಾದ ಲ್ಯಾಪ್‌ಟಾಪ್, ಮೊಬೈಲ್, ಕೂರುವುದಕ್ಕೆ ಸರಿಯಾದ ಕಚೇರಿ ಕೊಡಿ ಅನ್ನುವುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಪ್ರಮಾಣಪತ್ರದ ಪರಿಶೀಲನೆ, ನೆರೆ ಬಂದರೆ ಹಾನಿಯ ಲೆಕ್ಕ, ಎಲ್ಲ ಒಬ್ಬರ ಹೆಗಲ ಮೇಲೆ. ಊರಿಗೆ ಹೋದರೂ ಜನರ ಮುಖ ನೋಡಿ ಮಾತಾಡುವುದಕ್ಕೆ ಅವರಿಗೆ ಪುರುಸೊತ್ತಿಲ್ಲ.

ಇನ್ನೊಂದು ವಿಷಯ ಆನ್‌ಲೈನ್ ಆಡಳಿತದ ಚರ್ಚೆಯಲ್ಲಿ ಬರುವುದೇ ಇಲ್ಲ. ಬೆಂಗಳೂರಿನ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಅಷ್ಟು ಕಾಲವೂ ನಗರಕ್ಕೆ ಕಾರ್ಪೊರೇಟರ್ ಇರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೂ 2016ರ ಚುನಾವಣೆಯೇ ಕೊನೆ. ಆ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳು ಉರುಳಿದವು. ಅಂದರೆ ಜನ ಮತ್ತು ಸರ್ಕಾರದ ನಡುವೆ ಇದ್ದ ಮನುಷ್ಯರನ್ನು ತೆಗೆದು, ಅಲ್ಲಿ ಆ್ಯಪ್ ಇಟ್ಟ ಹಾಗಾಯಿತು. ಕಾರ್ಪೊರೇಟರ್ ಎಷ್ಟೇ ಕೆಟ್ಟವರಿರಲಿ, ಮನೆ ಮುಂದೆ ಹೋಗಿ ಕೂಗಬಹುದಿತ್ತು. ಮುಂದಿನ ಸಲ ವೋಟು ಹಾಕದೆ ಇರಬಹುದಿತ್ತು. ಆ್ಯಪ್‌ಗೆ ಅಂಥ ಭಯ ಎಲ್ಲಿಂದ ಬರಬೇಕು?

ಆ ಭಯ ಸ್ವಲ್ಪ ಮಟ್ಟಿಗೆ ಸಾಮಾಜಿಕ ಜಾಲತಾಣದಲ್ಲಿ ಇದೆ. ಬೆಂಗಳೂರು ಸಂಚಾರ ಪೊಲೀಸರು 2010ರಲ್ಲೇ ಫೇಸ್‌ಬುಕ್‌ಗೆ ಬಂದವರು. ಈಗ ಗುಂಡಿಯ ಫೋಟೊ ಎಕ್ಸ್‌ನಲ್ಲಿ ಹಾಕಿದರೆ ಕೆಲವೊಮ್ಮೆ ಗಂಟೆಗಳಲ್ಲಿ ಉತ್ತರ ಬರುತ್ತದೆ. ನಾಲ್ಕು ಜನರ ಎದುರು ಕೇಳಿದ ಪ್ರಶ್ನೆಗೆ ಸುಮ್ಮನಿರುವುದು ಕಷ್ಟ, ಅದಕ್ಕೇ. ಆದರೆ ಇಂಗ್ಲಿಷಿನಲ್ಲಿ ಬರೆಯುವ, ಸಾವಿರಾರು ಫಾಲೋವರ್ ಇರುವ ಬೆಂಗಳೂರಿನವರ ಗುಂಡಿಗೂ ಯಾದಗಿರಿಯ ತಾಂಡಾದ ಕುಡಿಯುವ ನೀರಿಗೂ ಇಲ್ಲಿ ಒಂದೇ ತೂಕ ಇಲ್ಲ.

ಇಷ್ಟೂ ಹೊತ್ತು ಹೇಳಿದ್ದು ಸೇವೆ ಮತ್ತು ದೂರಿನ ಮಾತು. ಇದಕ್ಕಿಂತ ದೊಡ್ಡದು ತೀರ್ಮಾನ ತೆಗೆದುಕೊಳ್ಳುವ ಮುಂಚೆ ಜನರ ಮಾತು ಕೇಳುವುದು. ಇಲ್ಲಿ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇಂಟರ್‌ನೆಟ್ ಸೇವೆಗಳ ನಿಯಂತ್ರಣದ ಬಗ್ಗೆ ಒಂದು ಚರ್ಚಾಪತ್ರ ಹೊರಡಿಸಿತು. ನೆಟ್ ನ್ಯೂಟ್ರಾಲಿಟಿ, ಅಂದರೆ ಎಲ್ಲ ವೆಬ್‌ಸೈಟನ್ನೂ ಒಂದೇ ರೀತಿ ನಡೆಸಿಕೊಳ್ಳುವ ತತ್ವ, ಉಳಿಸಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಬಂತು. ಟ್ರಾಯ್ ಅವನ್ನೆಲ್ಲ ಪ್ರಕಟಿಸಿತು, ಕಳಿಸಿದವರ ಇಮೇಲ್ ವಿಳಾಸದ ಸಮೇತ. ಅದು ದೊಡ್ಡ ಎಡವಟ್ಟು. ಲಕ್ಷಾಂತರ ಜನರ ವಿಳಾಸ ಬೀದಿಗೆ ಬಿತ್ತು. ಆ ವರ್ಷದ ಕೊನೆಗೆ ಫೇಸ್‌ಬುಕ್ ಕಂಪನಿ ಆಯ್ದ ಕೆಲವು ವೆಬ್‌ಸೈಟುಗಳನ್ನಷ್ಟೇ ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರಿಂದ ಒಂದೇ ಅಚ್ಚಿನ ಸಂದೇಶ ಕಳಿಸುವ ಅಭಿಯಾನ ಮಾಡಿತು. ನಾವು ಕೇಳಿದ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವೇ ಇಲ್ಲ ಎಂದು ಟ್ರಾಯ್ ಹೇಳಿತು. ತಲೆ ಎಣಿಸದೆ ವಾದವನ್ನು ತೂಗಿತು. 2016ರ ಫೆಬ್ರವರಿ 8ರಂದು ಕಾರಣಗಳನ್ನು ವಿವರಿಸಿ, ಬೇರೆಬೇರೆ ವೆಬ್‌ಸೈಟಿಗೆ ಬೇರೆಬೇರೆ ದರ ಹಾಕುವಂತಿಲ್ಲ ಎಂಬ ನಿಯಮ ತಂದಿತು. ತಪ್ಪು ಮಾಡಿಯೂ ಟ್ರಾಯ್ ಇಲ್ಲಿ ಮಾದರಿಯಾಯಿತು. ಅದು ಪಾರದರ್ಶಕವಾಗಿಯೇ ಕೆಲಸ ಮಾಡಬೇಕು ಎಂದು ಟ್ರಾಯ್ ಕಾಯ್ದೆಯ 11(4)ನೇ ವಿಧಿ ಹೇಳುತ್ತದೆ. ಇಲ್ಲೂ ಬೆನ್ನ ಹಿಂದೆ ಕಾನೂನು ಇತ್ತು.

ಎರಡನೆಯದು 2020ರ ಇಐಎ ಕರಡು. ಗಣಿ, ಅಣೆಕಟ್ಟು, ಕಾರ್ಖಾನೆ ಕಟ್ಟುವ ಮುಂಚೆ ಪರಿಸರದ ಮೇಲಿನ ಪರಿಣಾಮ ನೋಡುವ ನಿಯಮಗಳ ಬದಲಾವಣೆ ಅದು. ಸಾರ್ವಜನಿಕರು ಅಭಿಪ್ರಾಯ ಹೇಳುವ ಅವಧಿಯನ್ನು 30 ದಿನದಿಂದ 20 ದಿನಕ್ಕೆ ಇಳಿಸುವುದೂ ಅದರಲ್ಲಿತ್ತು. ಕೋವಿಡ್ ಲಾಕ್‌ಡೌನ್ ಶುರುವಾದ ಹೊತ್ತಿಗೇ ಕರಡು ಹೊರಬಂತು, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅಭಿಪ್ರಾಯವನ್ನು ಮೇಲ್ ಮಾಡಿ ಎಂದರು. ಶರಾವತಿ ಕಣಿವೆಯವರು, ಬಳ್ಳಾರಿ ಗಣಿಯ ಪಕ್ಕದವರು, ಉತ್ತರ ಕನ್ನಡದ ಮೀನುಗಾರರು ತಮ್ಮ ಬದುಕನ್ನೇ ಮುಟ್ಟುವ ನಿಯಮವನ್ನು ಯಾವ ಭಾಷೆಯಲ್ಲಿ ಓದಬೇಕಿತ್ತು?

ಜೂನ್ 30ರಂದು ದೆಹಲಿ ಹೈಕೋರ್ಟ್ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದಿಸಿ ಎಂದಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಅನುವಾದದ ಆದೇಶವನ್ನು ಕೇಂದ್ರ ಒಪ್ಪಲಿಲ್ಲ. ಅನುವಾದ ಮಾಡುವುದಕ್ಕಿಂತ ಸುಪ್ರೀಂ ಕೋರ್ಟಿಗೆ ಹೋಗುವುದೇ ಅದಕ್ಕೆ ಸುಲಭ ಅನ್ನಿಸಿತು. ಈ ನಡುವೆ ಲಕ್ಷಗಟ್ಟಲೆ ಮೇಲ್ ಬಂತು. ಮೇಲ್ ಅಭಿಯಾನ ನಡೆಸಿದ ಯುವಕರ ಒಂದು ವೆಬ್‌ಸೈಟಿನ ವಿರುದ್ಧ ದೆಹಲಿ ಪೊಲೀಸರು ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆ ಹೆಸರಿಸಿ ನೋಟಿಸ್ ಕೊಟ್ಟರು. ಆಮೇಲೆ ಅದು ತಪ್ಪಾಗಿ ಹೋದದ್ದು ಎಂದು ವಾಪಸ್ ಪಡೆದರು. ಅಭಿಪ್ರಾಯ ಹೇಳಿ ಅಂತ ಕರೆದವರೇ, ಜಾಸ್ತಿ ಜನ ಹೇಳಿದಾಗ ಹೀಗೆ ನಡೆದುಕೊಂಡರೆ ಮುಂದಿನ ಸಲ ಯಾರು ಬಾಯಿ ತೆಗೆಯುತ್ತಾರೆ?

ಕರಡು ಕಾನೂನನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನೂ ಪ್ರಕಟಿಸಬೇಕು ಅಂತ 2014ರಲ್ಲೇ ಕೇಂದ್ರ ಸರ್ಕಾರ ಒಂದು ನೀತಿ ಮಾಡಿದೆ. ಅದು ನೀತಿ, ಕಾನೂನಲ್ಲ. ಹಾಗಾಗಿ ಬೇಕಾದಾಗ ಪಾಲಿಸಬಹುದು, ಬೇಡವಾದಾಗ ಬಿಡಬಹುದು. 2025ರ ಜನವರಿಯಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕರಡು ನಿಯಮಗಳಿಗೆ ಅಭಿಪ್ರಾಯ ಕೇಳಿದಾಗ, ಬಂದದ್ದನ್ನು ಯಾರಿಗೂ ತೋರಿಸುವುದಿಲ್ಲ ಎಂದೇ ಹೇಳಿದರು. ಮುಚ್ಚುಮರೆಯಿಲ್ಲದೆ ಅಭಿಪ್ರಾಯ ಹೇಳಲಿ ಎಂದು ಹಾಗೆ ಮಾಡಿದ್ದೇವೆ ಅನ್ನಬಹುದು. ಆದರೆ ಕಂಪನಿಗಳು ಏನು ಕೇಳಿದವು, ಸರ್ಕಾರ ಯಾರ ಮಾತು ಕೇಳಿತು ಅಂತ ನಮಗೆ ಗೊತ್ತಾಗುವುದು ಹೇಗೆ? ಬ್ರಿಟನ್ನಿನ ಸಂಸತ್ತಿನ ಆನ್‌ಲೈನ್ ಮನವಿ ವ್ಯವಸ್ಥೆಯಲ್ಲಿ 10,000 ಸಹಿ ಬಿದ್ದರೆ ಸರ್ಕಾರ ಲಿಖಿತ ಉತ್ತರ ಕೊಡುತ್ತದೆ, ಒಂದು ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಎಷ್ಟು ಜನ ಕೇಳಿದರೆ ಏನು ಸಿಗುತ್ತದೆ ಎನ್ನುವುದು ಮೊದಲೇ ಗೊತ್ತಿರುತ್ತದೆ.

ನಮ್ಮಲ್ಲಿ ಜನರ ಮಾತು ಗೆದ್ದ ಸಂದರ್ಭವೂ ಇದೆ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 812 ಮರ. ಬಿಡಿಎ ಆನ್‌ಲೈನ್ ಅಭಿಪ್ರಾಯ ಕೇಳಿ, ಹೆಚ್ಚಿನವರು ಪರವಾಗಿದ್ದಾರೆ ಎಂದಿತು. ಜನ ಆ ಲೆಕ್ಕ ನಂಬಲಿಲ್ಲ. ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿಗೂ ಹೋದರು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಜನರನ್ನು ಒಟ್ಟುಗೂಡಿಸಲು ಇಂಟರ್‌ನೆಟ್ ನೆರವಾಯಿತು. ಸರ್ಕಾರದ ಕಿವಿಗೆ ಮಾತು ಬಿದ್ದದ್ದು ಮಾತ್ರ ರಸ್ತೆಯಿಂದ ಮತ್ತು ನ್ಯಾಯಮಂಡಳಿಯಿಂದ.

ಸಣ್ಣದೆನಿಸಿದರೂ ನನ್ನನ್ನು ತುಂಬಾ ಕಾಡುವ ವಿಷಯ ಒಂದಿದೆ. ಇಲಾಖೆಗಳ ಜಾಲತಾಣದಲ್ಲಿ ಎಷ್ಟೋ ಆದೇಶಗಳು ಈಗಲೂ ಸ್ಕ್ಯಾನ್ ಮಾಡಿದ ಪಿಡಿಎಫ್. ಇನ್ನು ಕೆಲವು ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ. ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿದರೆ ಅರ್ಥವಿಲ್ಲದ ಅಕ್ಷರಗಳು ಬೀಳುತ್ತವೆ. ಕಣ್ಣು ಕಾಣದವರು ಬಳಸುವ, ಪರದೆ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ಯಾನ್ ಮಾಡಿದ ಹಾಳೆ ಬರೀ ಚಿತ್ರ. ಆದೇಶ ಪ್ರಕಟಿಸಿದ್ದೇವೆ ಅಂತ ಇಲಾಖೆ ಹೇಳಬಹುದು. ಓದಬೇಕಾದವರ ಕೈಗೆ ಅದು ಸಿಕ್ಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ವಿಧಿ, ತೀರ್ಮಾನಕ್ಕೆ ಕಾರಣ ಏನು ಅಂತ ಅದರಿಂದ ಬಾಧಿತರಾದವರಿಗೆ ತಿಳಿಸಬೇಕು ಎನ್ನುತ್ತದೆ, ಕೇಳದೆಯೇ. ಪ್ರಮುಖ ನೀತಿ ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಪ್ರಕಟಿಸಬೇಕು ಎಂದೂ ಹೇಳುತ್ತದೆ. ಇಂಟರ್‌ನೆಟ್ ಇರುವಾಗ ಇದಕ್ಕೆ ಖರ್ಚು ಎಷ್ಟು? ರಾಜಸ್ಥಾನ 2019ರಲ್ಲಿ ಜನ ಸೂಚನಾ ಪೋರ್ಟಲ್ ತೆರೆದು ಪಡಿತರ, ಪಿಂಚಣಿಯಂಥ ಮಾಹಿತಿಯನ್ನು ಊರು ಊರಿನ ಮಟ್ಟದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿತು. ಮಾಹಿತಿ ಹಕ್ಕಿಗೆ ಹೋರಾಡಿದ ಸಂಘಟನೆಗಳು ಸರ್ಕಾರದ ಜೊತೆ ಕೂತು ಅದನ್ನು ರೂಪಿಸಿದ್ದವು.

ದೂರಿನ ವಿಷಯದಲ್ಲಿ ನಾವು ಕಲಿಯಬೇಕಾದದ್ದು ಬಿಹಾರದಿಂದ. ಅಲ್ಲಿನ ಸರ್ಕಾರ 2015ರಲ್ಲಿ ಸಾರ್ವಜನಿಕ ಕುಂದುಕೊರತೆ ನಿವಾರಣೆಯ ಹಕ್ಕಿನ ಕಾಯ್ದೆ ತಂದು, 2016ರ ಜೂನ್‌ನಿಂದ ಜಾರಿ ಮಾಡಿತು. ದೂರು ಕೊಟ್ಟ ಮೇಲೆ ಅದನ್ನು ವಿಚಾರಿಸುವುದು ದೂರು ಯಾರ ಮೇಲಿದೆಯೋ ಆ ಕಚೇರಿ ಅಲ್ಲ, ಅದಕ್ಕೆಂದೇ ನೇಮಿಸಿದ ಅಧಿಕಾರಿ. ವಿಚಾರಣೆಗೆ ದಿನ ಗೊತ್ತುಮಾಡಿ ದೂರು ಕೊಟ್ಟವರನ್ನೂ ಇಲಾಖೆಯವರನ್ನೂ ಎದುರುಬದುರು ಕೂರಿಸುತ್ತಾರೆ. 60 ಕೆಲಸದ ದಿನಗಳಲ್ಲಿ ಲಿಖಿತ ತೀರ್ಪು ಕೊಡಬೇಕು. ಒಪ್ಪದಿದ್ದರೆ ಮೇಲ್ಮನವಿ ಇದೆ, ತಪ್ಪಿದವರಿಗೆ ದಂಡ ಇದೆ. ಇಡೀ ದೇಶಕ್ಕೆ ಇಂಥದ್ದೇ ಹಕ್ಕು ಕೊಡುವ ಮಸೂದೆ 2011ರಲ್ಲಿ ಲೋಕಸಭೆಗೆ ಬಂದಿತ್ತು. 2014ರಲ್ಲಿ ಸದನದ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು, ಮತ್ತೆ ಯಾರೂ ಎತ್ತಿಕೊಳ್ಳಲಿಲ್ಲ.

ಕರ್ನಾಟಕ ದೆಹಲಿಯ ಕಡೆ ನೋಡುತ್ತಾ ಕೂರಬೇಕಿಲ್ಲ. ಸಕಾಲ ಕಾಯ್ದೆ ನಮ್ಮದೇ. ಅದಕ್ಕೆ ತಿದ್ದುಪಡಿ ತಂದು 1902ಕ್ಕೆ ಬರುವ ದೂರನ್ನೂ ಅದರೊಳಗೆ ಸೇರಿಸಬಹುದು. ದೂರು ಕೊಟ್ಟವರು ಒಪ್ಪಿದ ಮೇಲೆಯೇ 'ವಿಲೇವಾರಿ' ಎಂದು ಬರೆಯಬೇಕು. ಅವರು ಒಪ್ಪದಿದ್ದರೆ ತಾಲ್ಲೂಕು ಮಟ್ಟದಲ್ಲಿ ಬೇರೆ ಅಧಿಕಾರಿಯ ಮುಂದೆ ವಿಚಾರಣೆ ಆಗಬೇಕು. ಕೆಲಸ ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಅಂತ ಕನ್ನಡದಲ್ಲಿ, ಅಧಿಕಾರಿಯ ಹೆಸರು ಹಾಕಿ, ಹಿಂಬರಹ ಕೊಡಬೇಕು. ಇದಕ್ಕೆ ಹೊಸ ಆ್ಯಪ್ ಬೇಡ. ವಿಧಾನಮಂಡಲದ ಒಂದು ಅಧಿವೇಶನ ಸಾಕು.